ಹೂವಪ್ಪನವರು ಕಚ್ಚಿ ನೋಡಿದ ಬೀಜ

ಹೂವಪ್ಪನವರ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ನಾಲ್ಕಾರು ಕಾಫಿ ಬೀಜಗಳಿರುತ್ತಿದ್ದವು. ಯಾವ ಕಣಕ್ಕೆ ಹೋದರೂ ಸಿಪ್ಪೆ ಸುಲಿದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯಿಂದ ಒಂದು ಬೀಜ ಎತ್ತಿ, ದವಡೆಗಿಟ್ಟು ಕಚ್ಚುವುದೇ ಅವರ ಮೊದಲ ಕೆಲಸ. ಹಲ್ಲು ಊರಿದರೆ ಹಸಿ, ಟಕ್ಕೆಂದರೆ ಒಣಗಿದೆ. ತೇವ ಅಳೆಯಲು ಸರ್ಕಾರ ಕೊಟ್ಟ ಮೀಟರು ಜೀಪಿನ ಸೀಟಿನಡಿ ಮಲಗಿರುತ್ತಿತ್ತು. “ಕಚ್ಚಿ ನೋಡ್ದೆ ಸಹಿ ಹಾಕ್ಬಾರ್ದು ಕಣಮ್ಮ” ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು.

ಅವರು ಮೂಡಿಗೆರೆಯ ಸರ್ಕಾರಿ ಕಚೇರಿಯೊಂದರ ಕ್ಷೇತ್ರಾಧಿಕಾರಿ. ನಾನು ದೇವರಮನೆ ಕಡೆಯ ಸಣ್ಣ ಬೆಳೆಗಾರರು ಸೇರಿ ಕಟ್ಟಿಕೊಂಡ ಕಂಪನಿಯಲ್ಲಿ ರೈಟರ್. ಹಣ್ಣು ತೂಗಿ ಚೀಟಿ ಬರೆಯುವವಳು. ಗಂಡ ತೀರಿಕೊಂಡ ಮೇಲೆ ನನ್ನ ಮನೆ ನಡೆಯುತ್ತಿದ್ದುದು ಅದರಿಂದಲೇ. ಕುಯ್ದ ಹಣ್ಣಿನ ಸಿಪ್ಪೆಯನ್ನು ಅಂದೇ ಸುಲಿಯಲಿ ಎಂದು ಸರ್ಕಾರ ಕಂಪನಿಗೆ ಹೊಸ ಪಲ್ಪರ್ ಯಂತ್ರ ಕೊಳ್ಳಲು ನೆರವು ಕೊಟ್ಟಿತು. ಯಂತ್ರ ಬಂತು, ಹಸಿರು ಬಣ್ಣ ಹೊಳೆಯುತ್ತಿತ್ತು, ಫೋಟೊ ತೆಗೆದರು, ಮರುದಿನ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ಅದು ಕಂಪನಿಯ ಅಧ್ಯಕ್ಷರ ಸ್ವಂತ ಎಸ್ಟೇಟಿನ ಹಳೇ ಪಲ್ಪರ್, ಬಣ್ಣ ಮಾತ್ರ ಹೊಸದು. ಆ ಮಳೆಗಾಲ ರಸ್ತೆ ಕುಸಿದು ಬರಲಾಗದೆ, ಹೂವಪ್ಪನವರು ಫೋಟೊ ನೋಡಿಯೇ ಹೊಸ ಯಂತ್ರ ಬಂದಿದೆ ಎಂದು ಸಹಿ ಹಾಕಿಬಿಟ್ಟಿದ್ದರು.

ಕುಯ್ಲು ಬಂದಾಗ ಬಡವರ ಹಣ್ಣು ಶೆಡ್ಡಿನಲ್ಲಿ ಮೂಟೆಗಟ್ಟಲೆ ಕೊಳೆಯಿತು. ತಡೆಯಲಾಗದೆ ಒಂದು ಅರ್ಜಿ ಬರೆದು, ಹೆಸರು ಹಾಕದೆ, ಹೂವಪ್ಪನವರ ಕೈಗೇ ಕೊಟ್ಟೆ. ಓದಿ, ಮಡಚಿ ಜೇಬಿಗಿಟ್ಟರು. ಹೆಸರಿಲ್ಲದ ಅರ್ಜಿಯನ್ನು ಕಚೇರಿ ನೋಡುವುದೇ ಇಲ್ಲ, ಹೆಸರಿದ್ದರೆ ವಿವರಣೆ ಕೇಳಿ ಅದರ ಪ್ರತಿಯನ್ನು ಕಂಪನಿಗೇ ಕಳಿಸುತ್ತದೆ ಎಂದರು. ಅದು ಅಧ್ಯಕ್ಷರ ಕೈಗೆ ಸಿಕ್ಕರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು.

“ನಿನ್ನ ಹೆಸ್ರು ಬೇಡ ಬಿಡು ರೈಟರಮ್ಮ. ನೋಡ್ದೆ ಸಹಿ ಹಾಕಿದವ್ನು ನಾನು. ನನ್ನ ಹೆಸ್ರಲ್ಲೇ ಹೋಗ್ಲಿ.”

ಅವರ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಬೇಡ ಸಾರ್ ಎನ್ನಬೇಕಿತ್ತು. ನಾನು ಅನ್ನಲಿಲ್ಲ.

ಅವರು ಪರಿಶೀಲನೆಗೆ ಬಂದ ದಿನ, ಸುದ್ದಿ ಮೊದಲೇ ಮುಟ್ಟಿದ್ದರಿಂದ, ಅದೇ ಹಸಿರು ಯಂತ್ರ ಮತ್ತೆ ಶೆಡ್ಡಿನಲ್ಲಿ ನಿಂತಿತ್ತು. ಇನ್ನೂ ಕರೆಂಟು ಸಿಕ್ಕಿಲ್ಲ, ಒಂದು ದಿನವೂ ಓಡಿಸಿಲ್ಲ ಎಂದು ಅಧ್ಯಕ್ಷರು ಕಾಫಿ ತರಿಸುತ್ತ ಹೇಳಿದರು. ಹೂವಪ್ಪನವರು ಲೋಟ ಮುಟ್ಟಲಿಲ್ಲ. ಅಂಗಿಯ ತೋಳು ಮಡಚಿ, ಸಿಪ್ಪೆ ಸುಲಿಯುವ ಸಿಲಿಂಡರಿನ ಹಿಂದಿನ ಸಂದಿಗೆ ಕೈ ಹಾಕಿ, ತಡಕಾಡಿ, ಎರಡು ಬೀಜ ಹೊರತೆಗೆದರು. ಒಂದನ್ನು ದವಡೆಗಿಟ್ಟರು. ಟಕ್ಕೆಂದಿತು.

“ಓಡ್ಸೇ ಇಲ್ಲ ಅಂತೀರಿ. ಇದು ಹೋದ ವರ್ಷದ ಬೀಜ ಮಾರಾಯ್ರೆ.”

ಇನ್ನೊಂದನ್ನು ಕಾಗದದಲ್ಲಿ ಕಟ್ಟಿ ವರದಿಯ ಜೊತೆ ಇಟ್ಟರು. ಮೊದಲ ಸಲ ನೋಡದೆ ಸಹಿ ಹಾಕಿದ್ದು ತನ್ನ ತಪ್ಪು ಎಂದೂ ಅದರಲ್ಲೇ ಬರೆದರು. ಕಚೇರಿ ಕಂಪನಿಯಿಂದ ವಿವರಣೆ ಕೇಳಿತು, ಜ್ಞಾಪನ ಕಳಿಸಿತು, ಮತ್ತೆ ಕಾಲಾವಕಾಶ ಕೊಟ್ಟಿತು. ಕೊನೆಗೆ ಗದ್ದಲವಿಲ್ಲದೆ ಒಂದು ಹೊಸ ಯಂತ್ರ ಬಂದು ಕೂತಿತು; ಲೋಪ ಸರಿಪಡಿಸಲಾಗಿದೆ ಎಂದು ಬರೆದು ಕಡತ ಮುಚ್ಚಿದರು. ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು. ಸಸ್ಪೆಂಡ್ ಆದವರು ಹೂವಪ್ಪನವರೊಬ್ಬರೇ. ಆ ಕಡತದಲ್ಲಿ ತಪ್ಪು ಒಪ್ಪಿಕೊಂಡ ಸಹಿ ಅವರದೊಂದೇ ಇತ್ತು. ಇವತ್ತಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ, ಮೊದಲು ನನ್ನ ಮೇಲೆಯೇ.

ಕೊನೆಯ ಸಲ ಸಿಕ್ಕಿದ್ದು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ. ಸೊರಗಿ ಹೋಗಿದ್ದರು, ಜೇಬಿನಲ್ಲಿ ಪೆನ್ನಿರಲಿಲ್ಲ, ಬೀಜಗಳಿದ್ದವು. ಯಂತ್ರ ಓಡುತ್ತಿದೆಯಾ ಎಂದು ಕೇಳಿದರು. ಓಡುತ್ತಿದೆ, ಈ ವರ್ಷ ಒಂದು ಮೂಟೆಯೂ ಕೊಳೆಯಲಿಲ್ಲ ಸಾರ್ ಎಂದೆ. “ಅಷ್ಟಾಯ್ತಲ್ಲ ಬಿಡು” ಎಂದು ಬಸ್ಸು ಹತ್ತಿದರು.

ಹೋದ ತಿಂಗಳು ಅವರ ತಿಥಿಯ ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಯಲ್ಲಿದ್ದವರೊಬ್ಬರು, ಸುಮ್ಮನೆ ಸಸ್ಪೆಂಡ್ ಮಾಡ್ತಾರಾ, ಇವರೂ ತಿಂದಿರಬೇಕು ಎಂದರು. ಬಡಿಸುತ್ತಿದ್ದ ಹೂವಪ್ಪನವರ ಮಗಳ ಕೈ ಅಲ್ಲೇ ನಿಂತಿತು. ನಾನು ಆಗಲೂ ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತೆ.

ಅದಕ್ಕೇ ಇದನ್ನು ಬರೆದಿದ್ದೇನೆ. ಅವರು ತಿಂದವರಲ್ಲ. ಆ ಅರ್ಜಿ ನನ್ನದು. ನನ್ನ ಹೆಸರು ಸುಮಿತ್ರ.