ಜೋಗುಳಕ್ಕೆ ದನಿ ಕೊಡಬೇಕಿದ್ದವನು

ಅವನ ಎಡಗೈಯ ಬೆರಳ ತುದಿಗಳು ನಮ್ಮ ದೋಸೆ ಭಟ್ಟರ ಅಂಗೈಗಿಂತ ಒರಟಾಗಿದ್ದವು. ತಂತಿ ಒತ್ತಿ ಒತ್ತಿ ಚರ್ಮ ದಪ್ಪಗಟ್ಟಿ, ನಡುವೆ ಸಣ್ಣ ಗೀರು ಬಿದ್ದು, ಹುಣಸೆ ಬೀಜದ ಹಾಗೆ ಹೊಳೆಯುತ್ತಿದ್ದವು. ಸುಡುವ ಕಾಫಿ ಲೋಟವನ್ನು ಅವನು ಬರಿಗೈಯಲ್ಲಿ ಎತ್ತಿದ್ದು ನೋಡಿ, ಇವನೂ ಯಾವುದೋ ಅಡುಗೆಮನೆಯಲ್ಲಿ ದುಡಿದವನೇ ಎಂದುಕೊಂಡೆ. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು, ಸೂರತ್ತಿನಲ್ಲಿ ಮಾವನ ಹೋಟೆಲಿನ ಲೋಟ ತೊಳೆದು, ಕೊನೆಗೆ ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಎದುರು ಸ್ವಂತ ಹೋಟೆಲು ಹಾಕಿದವನು ನಾನು. ಮನುಷ್ಯರ ಕೈಯೊಂದನ್ನು ಬಿಟ್ಟು ಬೇರೆ ಸರ್ಟಿಫಿಕೇಟು ಓದಲು ನನಗೆ ಬರುವುದಿಲ್ಲ. ಅವನ ವಿಷಯದಲ್ಲಿ ಅದೂ ತಪ್ಪಿತು. ಅವನು ಗಿಟಾರು ಬಾರಿಸುವವನು.

ಹಾಗಾಗಿ ಹೋಟೆಲಿನಲ್ಲಿ ಎಲ್ಲರಿಗೂ ಅವನು ಗಿಟಾರಿನವನು. ಅವನ ತಂದೆ ಬ್ಯಾಂಕಿನ ವರ್ಗಾವಣೆಯಲ್ಲಿ ಕರ್ನಾಟಕದಿಂದ ವಡೋದರಾಕ್ಕೆ ಬಂದು, ಅಲ್ಲಿಯೇ ತೀರಿಕೊಂಡವರು. ಇವನು ಅಲ್ಲಿ ಹುಟ್ಟಿ ಬೆಳೆದು, ಗುಜರಾತಿ ಹುಡುಗಿಯನ್ನು ಮದುವೆಯಾಗಿ, ಅಹಮದಾಬಾದಿನಲ್ಲಿ ಇಬ್ಬರು ಗೆಳೆಯರ ಜೊತೆ ಬ್ಯಾಂಡು ಕಟ್ಟಿದ್ದ. ಸೌರಾಷ್ಟ್ರದ ದನ ಕಾಯುವವರ ಹಾಡಾಗಲಿ, ನಮ್ಮ ಕಡೆಯ ಬೀಸುವ ಹಾಡಾಗಲಿ, ಸಿಕ್ಕಿದ್ದನ್ನು ಗಿಟಾರಿಗೆ ಹೊಂದಿಸಿ ಹೊಸದಾಗಿ ಹಾಡುವುದು ಅವರ ಕಸುಬು. ಮಧ್ಯಾಹ್ನ ಗಿರಾಕಿ ತೆಳುವಾದ ಮೇಲೆ ಬರುತ್ತಿದ್ದ. ಬಂದವನೇ ಸ್ಟೀಲ್ ಲೋಟಗಳನ್ನು ಉಗುರಿನಿಂದ ಕುಟ್ಟಿ ನೋಡಿ, "ಇದು ಬೇಡ ಅಣ್ಣಾ, ಬೇಸುರಾ ಇದೆ, ಶ್ರುತಿ ಸೇರಲ್ಲ," ಎಂದು ಬದಲಾಯಿಸಿಕೊಳ್ಳುತ್ತಿದ್ದ. ಆಮೇಲೆ ಸಾಂಬಾರಿಗೆ ಸಕ್ಕರೆ ಕೇಳುತ್ತಿದ್ದ.

"ಸಾಂಬಾರಿಗೆ ಸಕ್ಕರೆ ಹಾಕುವವ ಎಂತ ಕನ್ನಡದವ ಮಾರಾಯ?"

"ಅರ್ಧ ಕನ್ನಡದವ. ಅರ್ಧ ಚಮಚ ಸಾಕು."

ಒಂದು ಮಧ್ಯಾಹ್ನ ಗಲ್ಲಾದ ಹಿಂದೆ ಕೂತು ಕರಿಬೇವು ಬಿಡಿಸುತ್ತಿದ್ದೆ. ನನ್ನ ಅಮ್ಮ ತಂಗಿಯರನ್ನು ಮಲಗಿಸುವಾಗ ಹೇಳುತ್ತಿದ್ದ ಜೋಗುಳವೊಂದು ನನಗೇ ಗೊತ್ತಿಲ್ಲದೆ ಬಾಯಲ್ಲಿ ಗುನುಗುತ್ತಿತ್ತಂತೆ. ಅವನು ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಎದ್ದು ಬಂದು, "ಇನ್ನೊಂದು ಸಲ," ಎಂದ. ಹೇಳಿದೆ: ಬೆಳೆ ಬೆಳೆ ಕಂದಾ, ಬಾಗಿಲಿನುದ್ದ ಬೆಳೆ. ಅವನು ಕಣ್ಣು ಮುಚ್ಚಿ ತಿರುಗಿ ಹಾಡಿದ. ರಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮಾತು ಮಾತ್ರ "ಬೇಳೆ ಬೇಳೆ ಕಂದಾ" ಎಂದು ಬಂತು.

ದೋಸೆ ಭಟ್ಟರು ಒಳಗಿನಿಂದಲೇ ಕೇಳಿದರು: "ಯಾವ ಬೇಳೆ? ತೊಗರಿದ್ದಾ, ಉದ್ದಿನದ್ದಾ?"

ನಮ್ಮ ನಗು ನಿಲ್ಲುವವರೆಗೂ ಅವನು ಕಾದ. "ಮೊದಲು ಮತ್ಲಬ್ ಹೇಳಿ. ಆಮೇಲೆ ನಗಿ."

ಬೇಳೆ ಬೇಯಿಸುವಂಥದ್ದು, ಬೆಳೆ ಅಂದರೆ ದೊಡ್ಡದಾಗು ಎಂದೆ. ಗುಜರಾತಿ ಮಾತಾಡಿ ಬೆಳೆದ ಬಾಯಿಗೆ ಆ ಎಳೆಯುವ, ಎಳೆಯದ ವ್ಯತ್ಯಾಸ ಸಿಕ್ಕುವುದೇ ಇಲ್ಲ. ಆ ಒಂದು ಅಕ್ಷರವನ್ನು ಗಿಡ್ಡ ಮಾಡಲು ಅವನು ವಾರಗಟ್ಟಲೆ ಒದ್ದಾಡಿದ. ಬಸ್ಸಿನಲ್ಲಿ ಹೇಳಿಕೊಂಡೆ, ಸ್ನಾನ ಮಾಡುವಾಗ ಹೇಳಿಕೊಂಡೆ ಎಂದು ಬಂದು ಒಪ್ಪಿಸುತ್ತಿದ್ದ.

ಹಾಡು ಬಾಯಿಗೆ ಬಂದ ಮೇಲೆ, ಊರಿನ ಸಿರಿವಂತರ ಬಡಾವಣೆ ಬೋಡಕ್‌ದೇವ್‌ನಲ್ಲಿ ನಡೆಯುವ ತಮ್ಮ ಕಾರ್ಯಕ್ರಮದಲ್ಲಿ ಇದನ್ನೇ ಹಾಡುತ್ತೇನೆ, ರೆಕಾರ್ಡೂ ಮಾಡುತ್ತೇನೆ ಎಂದ. ನಾನು ಒಪ್ಪಲಿಲ್ಲ.

"ಕಲಿಯುವುದು ಬೇರೆ. ಕೂಸಿಲ್ಲದ ಕಡೆ ಚಪ್ಪಾಳೆಗಾಗಿ ಜೋಗುಳ ಹೇಳಬಾರದು. ಖಾಲಿ ತೊಟ್ಟಿಲು ತೂಗಿದ ಹಾಗೆ ಅದು. ನನ್ನ ಅಮ್ಮನ ಮಾತುಂಟು, ನಾನು ಮೀರುವವನಲ್ಲ."

ಓದಿದವರು ಇಂಥದಕ್ಕೆ ನಗುತ್ತಾರೆ. ಅವನು ನಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಹಾಗಾದರೆ ತಡೀತೀನಿ. ಮನೇಲಿ ಇವಳಿಗೆ ಈಗ ನಾಲ್ಕನೇ ತಿಂಗಳು ಅಣ್ಣಾ. ನನ್ನ ಮಗುಗೆ ಕನ್ನಡ ಎಲ್ಲಿಂದ ಬರುತ್ತೆ? ನನಗೇ ಸರಿ ಬರಲ್ಲ. ಇದೊಂದು ಹಾಡಾದರೂ ನನ್ನ ಬಾಯಿಂದ ಕೇಳಲಿ. ಮೊದಲು ಅದರ ಕಿವಿಗೆ, ಆಮೇಲೆ ಮೈಕಿಗೆ."

ಹೇಳಿದಂತೆಯೇ ನಡೆದುಕೊಂಡ. ತನ್ನ ಗಿಟಾರು, ಗೆಳೆಯನ ಕೈತಾಳ, ಇಷ್ಟನ್ನೇ ರೆಕಾರ್ಡು ಮಾಡಿ, ದನಿಯ ಜಾಗವನ್ನು ಖಾಲಿ ಬಿಟ್ಟ. ಬೋಡಕ್‌ದೇವ್‌ನ ಸಭೆಗೆ ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಕೊನೆಗೆ ಆ ರಾಗವನ್ನಷ್ಟೇ ನುಡಿಸಿ, ಇದರ ಮಾತು ಹಿಂದಿನ ಸಾಲಿನಲ್ಲಿ ಕೂತಿರುವ ನಮ್ಮ ಅಣ್ಣನ ಬಳಿ ಇದೆ, ಮಗು ಬಂದ ಮೇಲೆ ಕೇಳಿಸುತ್ತೇನೆ ಎಂದು ಗುಜರಾತಿಯಲ್ಲಿ ಹೇಳಿದ. ದೊಡ್ಡ ದೊಡ್ಡ ಕಾರಿನಲ್ಲಿ ಬಂದವರೆಲ್ಲ ತಿರುಗಿ ನೋಡಿದರು. ನಾನು ಬೆನ್ನು ನೇರ ಮಾಡಿಕೊಂಡು ಕೂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಜ್ವರ ಬಂತು. ಸೂರತ್ತಿನ ಪಾಂಡೇಸರಾದಲ್ಲಿ, ಬಣ್ಣದ ಮಿಲ್ಲುಗಳ ಕೆಲಸಗಾರರ ಮುಂದೆ ಹಾಡಬೇಕಿತ್ತು. ಹೋಗಬೇಡ ಎಂದು ಫೋನಿನಲ್ಲಿ ಗದರಿದೆ. "ಪಾಳಿ ಬದಲಾಯಿಸಿಕೊಂಡು ಕಾಯ್ತಾ ಇದ್ದಾರೆ ಅಣ್ಣಾ. ಹಾಡಿ ಬಂದು ಮಲಗ್ತೀನಿ," ಎಂದ. ಹಾಡಿದ. ಅಲ್ಲಿಂದ ವಡೋದರಾಕ್ಕೆ, ಅಮ್ಮನ ಮನೆಗೆ ಹೋಗಿ ಮಲಗಿದ. ಡೆಂಗ್ಯೂ ಎಂದರು, ಆಸ್ಪತ್ರೆಗೆ ಸೇರಿಸಿದರು. ನಾನು ರೈಲು ಹತ್ತಿ ಹೋಗುವಷ್ಟರಲ್ಲಿ ಜೀವ ಹೋಗಿ, ಅವನನ್ನು ಮನೆಯ ಹೊರಗೆ ತಂದು ಮಲಗಿಸಿದ್ದರು. ತುಂಬಿದ ಬಸುರಿ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಆ ದಿನವೂ ಅಳಲಿಲ್ಲ, ಆಮೇಲೂ ಅಳಲಿಲ್ಲ ಎಂದು ಅವನ ಅಮ್ಮ ಹೇಳಿ ಹೇಳಿ ಹೆದರುತ್ತಿದ್ದರು.

ನನ್ನ ಅಮ್ಮನ ಮಾತು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ. ಆದರೆ ಬೇರೆ ಹಾಡುಗಳಲ್ಲೆಲ್ಲ ಅವನ ದನಿ ಬೇಕಾದಷ್ಟಿದೆ. ಮಗುವಿಗೆಂದೇ ಕಲಿತ ಹಾಡಿನಲ್ಲಿ ಮಾತ್ರ ಇಲ್ಲ. ಇದನ್ನು ಯಾವ ದೇವರ ಮುಂದೆ ಹೋಗಿ ಕೇಳಲಿ ನಾನು?

ಚಳಿಗಾಲದಲ್ಲಿ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನನ್ನನ್ನೂ ವಡೋದರಾಕ್ಕೆ ಕರೆದಿದ್ದರು. ಬ್ಯಾಂಡಿನ ಗೆಳೆಯರು ಸ್ಪೀಕರಿನಲ್ಲಿ ಅವನ ಗಿಟಾರು ಹಾಕಿದರು. ರಾಗ ಒಂದು ಸುತ್ತು ಬಂದು, ದನಿ ಬರಬೇಕಾದಲ್ಲಿ ಬರಿದೇ ಹರಿಯಿತು. ಅವನ ಅಮ್ಮನಿಗೆ ಕನ್ನಡ ಬರುತ್ತದೆ, ಈ ಹಾಡು ಬಾರದು. ಅವರು ನನ್ನತ್ತ ತಿರುಗಿದರು.

"ನೀವೇ ಹೇಳಿಬಿಡಿ. ನಿಮ್ಮ ಹತ್ತಿರ ಕಲಿತದ್ದಲ್ವಾ ಅವನು."

ನಾನು ಯಾರ ಮುಂದೆಯೂ ಹಾಡಿದವನಲ್ಲ. ಆರ್ಡರು ಕೂಗಿ ಒಡೆದ ಗಂಟಲು ನನ್ನದು. ಅವನ ಗಿಟಾರಿನ ಹಿಂದೆ ಹಿಂದೆ, ತಡವರಿಸುತ್ತ ಹೇಳಿದೆ. ಅವನ ಹೆಂಡತಿ ತೊಟ್ಟಿಲ ಹಗ್ಗ ಹಿಡಿದು, ತಿಳಿಯದ ಭಾಷೆಯನ್ನು ಕೇಳುತ್ತ, ಒಂದೇ ಸಮನೆ ತೂಗುತ್ತಿದ್ದಳು. ಆ ಜೋಗುಳದ ಕೊನೆಯ ಸಾಲು ಹೀಗೆ: ಊರವರು ಕೇಳಿದರೆ ಯಾರ ಮಗಳೆನ್ನುವೆ? ಅಲ್ಲಿ ಅಪ್ಪನ ಹೆಸರು ಇಟ್ಟು ಹೇಳಬೇಕು. ಇಟ್ಟು ಹೇಳಿದೆ.

ಇಡೀ ಹಾಡಿನಲ್ಲಿ ಅವಳಿಗೆ ಅರ್ಥವಾದದ್ದು ಆ ಒಂದು ಪದ. ತೂಗುವ ಕೈ ನಿಂತಿತು. ಹಗ್ಗಕ್ಕೆ ಹಣೆಯೊತ್ತಿ, ಅಷ್ಟು ತಿಂಗಳಲ್ಲಿ ಮೊದಲ ಸಲ, ಅವಳು ಅತ್ತಳು.