ಅಪ್ಪನ ನೂರು ಹೆಜ್ಜೆ

ಅಡರಕಟ್ಟಿಯಲ್ಲಿ ಹೊಲದ ಒಡ್ಡಿನ ತಕರಾರು ಬಂತೆಂದರೆ ನಮ್ಮಪ್ಪನನ್ನು ಕರೆಯುತ್ತಿದ್ದರು. ಅವನು ಧೋತರದ ಕಚ್ಚೆ ಬಿಗಿದು ಹೆಜ್ಜೆ ಎಣಿಸಿದನೆಂದರೆ ಎರಡೂ ಕಡೆಯವರು ತೆಪ್ಪಗಾಗುತ್ತಿದ್ದರು. ಅವನ ಹೆಜ್ಜೆಯಲ್ಲಿ ಕೂದಲೆಳೆಯ ಹೆಚ್ಚುಕಡಿಮೆಯಿಲ್ಲ ಎಂದು ನಂಬಿಕೆ. ಆ ಬಿಂಕವೂ ಅವನಿಗೆ ಬಹಳ.

ಎಪ್ಪತ್ತರ ದಶಕದ ಕೊನೆಗೆ, ಬೆಳ್ಳಟ್ಟಿಗೆ ಕೊಟ್ಟಿದ್ದ ನಮ್ಮಕ್ಕನ ಗಂಡ ತೀರಿಕೊಂಡ. ಎರಡು ಸಣ್ಣ ಮಕ್ಕಳು. ಅವಳ ಮೈದುನರು ಹೊಲ ಹಂಚಲು ಕೂತರು. ಹೊಲಕ್ಕೆಲ್ಲ ಒಂದೇ ಬಾವಿ. ಅದು ತಪ್ಪಿದರೆ ಅಕ್ಕ ಜೀವನಪೂರ್ತಿ ನೀರಿಗಾಗಿ ಅವರ ಮುಂದೆ ಕೈಯೊಡ್ಡಬೇಕು. ಬಾಯಿಬಿಟ್ಟು ಕೇಳಿದರೆ ಕೊಡುವ ಮಂದಿಯಲ್ಲ. ಅಪ್ಪನೇನು ಕಡಿಮೆಯೇ? ಲಗ್ನಕ್ಕೆ ಮುಂಚೆ ಆಸ್ತಿ ನೋಡಲು ಹೋದಾಗಲೇ ಮೂಡಲ ಒಡ್ಡಿನಿಂದ ಬಾವಿಗೆ ತೊಂಬತ್ತು ಹೆಜ್ಜೆ ಎಂದು ಎಣಿಸಿಟ್ಟುಕೊಂಡಿದ್ದ. ಹಂಚಿಕೆಯ ದಿನ ನನ್ನನ್ನೂ ಕರಕೊಂಡು ಹೋದವನು, ಪಂಚಾಯ್ತಿಗೆ ಕೂತ ಹಿರಿಯರ ಮುಂದೆ ಬಾವಿಯ ಸುದ್ದಿಯನ್ನೇ ಎತ್ತಲಿಲ್ಲ.

"ಮೂಡಲ ಒಡ್ಡಿನಿಂದ ನನ್ನ ಮಗಳಿಗೆ ನೂರು ಹೆಜ್ಜಿ ಬಿಡ್ರಿ. ಸಾಕು."

"ಆತ್ರಿ ಮಾವಾರ. ಆದ್ರ ನಿಮ್ಮ ಹೆಜ್ಜೀನ ಅಳತಿ," ಎಂದ ದೊಡ್ಡ ಮೈದುನ, ತಡಮಾಡದೆ.

ಹಿಂದಿನ ವರ್ಷ ಚಕ್ಕಡಿಯಿಂದ ಬಿದ್ದು ತೊಡೆ ಮುರಿದುಕೊಂಡಾಗಿನಿಂದ ಅಪ್ಪನ ಹೆಜ್ಜೆ ಒಂದು ಗೇಣು ಗಿಡ್ಡಾಗಿತ್ತು. ಕಂಡವರಿಗೆಲ್ಲ ಗೊತ್ತಾಗುತ್ತಿತ್ತು, ಅವನೊಬ್ಬನನ್ನು ಬಿಟ್ಟು. ಅವನಿಗೆ ಹೇಳುವ ಗಂಡಸು ನಮ್ಮ ಮನೆಯಲ್ಲಿರಲಿಲ್ಲ, ನನ್ನನ್ನೂ ಸೇರಿಸಿ.

ಅಪ್ಪ ಎಣಿಸುತ್ತ ನಡೆದ. ಅರವತ್ತು, ಎಪ್ಪತ್ತು. ಬಾವಿ ಇನ್ನೂ ದೂರ. ನಾನು ಬಾಯಿ ತೆರೆದೆ. ಪಕ್ಕದಲ್ಲಿ ನಿಂತಿದ್ದ ಅಕ್ಕ ನನ್ನ ರಟ್ಟೆ ಚಿವುಟಿದಳು.

"ಸುಮ್ನಿರಲೇ. ನಾಕ್ ಮಂದ್ಯಾಗ ಅಪ್ಪನ ಮಾನಾ ಕಳೀತೀಯೇನು?"

"ಬಾವಿ ಹೊಕ್ಕೈತಲ್ಲಬೇ ಯಕ್ಕಾ!"

"ಹೋಗ್ಲಿ."

ಥೂ, ಇಪ್ಪತ್ತೆರಡರ ಗಟ್ಟಿ ಆಳು ನಾನು, ಊರಲ್ಲಿ ಬಾಯಿಬಡಕನೆಂದೇ ಹೆಸರು. ಆವತ್ತು ನಾಲಿಗೆ ಏಳಲಿಲ್ಲ.

"ನೂರು," ಎಂದು ಅಪ್ಪ ನಿಂತ. ಬಾವಿ ಎಂಟು ಮಾರು ಆಚೆಗಿತ್ತು. ಅವನು ಬಾವಿ ನೋಡಿದ, ಒಡ್ಡು ನೋಡಿದ, ತನ್ನ ಕಾಲು ನೋಡಿಕೊಂಡ. ತಪ್ಪೆಂದು ಹೇಳಲು ಅವನಿಂದ ಆಗಲಿಲ್ಲ.

"ಕಲ್ಲ ನೆಡ್ರಿ," ಅಂದ.

ಚಕ್ಕಡಿ ಊರು ದಾಟಿದ ಮೇಲೆ ಅವನು ಕೇಳಿದ: "ನಿನಗ ಮೊದಲ ಗೊತ್ತಿತ್ತೇನೋ?"

ಹೂಂ ಅಂದೆ.

"ಆಕೀಗೆ?"

ಸುಳ್ಳು ಹೇಳಬಹುದಿತ್ತು. ಅದೂ ಆಗಲಿಲ್ಲ ನನ್ನಿಂದ. "ಆಕೀಗೂ ಗೊತ್ತಿತ್ತಪಾ," ಅಂದೆ. ಅಪ್ಪ ಟಾವೆಲನ್ನು ಬಾಯಿಗೊತ್ತಿಕೊಂಡು ಅಳತೊಡಗಿದ. ನಾನು ತಿರುಗಿ ನೋಡದೆ ಎತ್ತು ಹೊಡೆಯುತ್ತಲೇ ಇದ್ದೆ.