ಒರಾಜ್ಗಲಿ ನಿಲ್ಲಿಸಿದ ಮುಳ್ಳು

ಹುಲ್ಲುಬಯಲಿನ ನಡುವಿನ ಝೆಜ್‌ಕಜ್‌ಗನ್ ಪೇಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವ ಸೆರಿಕ್‌ಬಾಯ್‌ಗೆ ಐವತ್ತು ದಾಟಿದರೂ ತನ್ನ ಕೈಚಳಕದ ಜಂಬ ಇಳಿದಿರಲಿಲ್ಲ. ಹೆಂಡತಿ ಬಿಟ್ಟುಹೋದದ್ದೇಕೆಂದು ಕೇಳಿದವರಿಗೆ, ಅವಳು ಯಾವಾಗಲೂ ಐದು ನಿಮಿಷ ಮುಂದೆ ಓಡುತ್ತಿದ್ದಳು ಎನ್ನುತ್ತಿದ್ದ. ಗಿರಾಕಿ ಗಡಿಯಾರ ಕೊಟ್ಟರೆ ಬಾಯಿ ಹರಟುತ್ತಿರುವಾಗಲೇ ಬೆರಳುಗಳು ತಮ್ಮ ಪಾಡಿಗೆ ಕೆಲಸ ಶುರುಮಾಡುತ್ತಿದ್ದವು. ಕೀಲಿ ತಿರುಗಿಸುವುದು, ಒಂದು ಗುಂಡಿಗೆ ಓಡಿ ನಿಲ್ಲುವ, ಹೊತ್ತು ಅಳೆಯುವ ಮುಳ್ಳಿದ್ದರೆ ಇನ್ನೊಂದು ಗುಂಡಿ ಒತ್ತಿ ಸೊನ್ನೆಗೆ ತರುವುದು. ಗುರು ಕಲಿಸಿದ್ದೇ ಹಾಗೆ.

ಅಂದು ಬಂದವಳು ಮುದುಕಿ ಕಮ್ಶಾತ್, ಊರಿಗೆಲ್ಲ ಅಪಾ, ಎಂದರೆ ಹಿರಿಯಕ್ಕ. ಆಕಾಶದಿಂದ ಬಯಲಿಗಿಳಿಯುವ ನೌಕೆಗಳನ್ನು ಹುಡುಕಿ ಹೋಗುವ ಲಾರಿಯನ್ನು ಅವಳ ಗಂಡ ಒರಾಜ್ಗಲಿ ಓಡಿಸುತ್ತಿದ್ದ. ಒಮ್ಮೆ ಅವನು ಕೊಟ್ಟ ಒಂದು ಬಟ್ಟಲು ಹುಳಿ ಕುದುರೆಹಾಲಿಗೆ ಸೋತ ಗಗನಯಾತ್ರಿಯೊಬ್ಬ ತನ್ನ ಕೈಗಡಿಯಾರವನ್ನೇ ಬಿಚ್ಚಿ ಅವನ ಕೈಗೆ ಕಟ್ಟಿದ್ದ. ಅಂಥವು ಈಗ ಬೆರಳೆಣಿಕೆಯಷ್ಟೇ ಉಳಿದಿವೆಯೆಂದು ಕೊಳ್ಳಲು ಬಂದವರಿಗೆಲ್ಲ ಅಪಾ ಚಹಾ ಕುಡಿಸಿ, ಬಾಗಿಲು ತೋರಿಸಿದ್ದಳು.

ಗಾಜು ಒಡೆದಿತ್ತು, ಅಷ್ಟೇ. ಅಪಾ ಗಂಟು ಬಿಚ್ಚಿ ಕೊಟ್ಟಳು. ಸೆರಿಕ್‌ಬಾಯ್ ಏನೋ ತಮಾಷೆ ಮಾಡುತ್ತ ಗುಂಡಿ ಒತ್ತಿದ. ನಿಂತಿದ್ದ ಅಳತೆಯ ಮುಳ್ಳು ಟಕ್ಕೆಂದು ಸೊನ್ನೆಗೆ ಹಾರಿತು.

ಅಪಾ ಕುಳಿತುಬಿಟ್ಟಳು.

ಒರಾಜ್ಗಲಿಗೆ ಎಲ್ಲವನ್ನೂ ಅಳೆಯುವ ಚಟ. ಕೊನೆಯ ಬೆಳಿಗ್ಗೆ, ಹಾಸಿಗೆಯಲ್ಲೇ ಇದ್ದವನು ಅವಳು ಚಹಾಕ್ಕೆಂದು ಎದ್ದಾಗ ಗುಂಡಿ ಒತ್ತಿದ್ದ. ಬಟ್ಟಲು ಹಿಡಿದು ಬಂದಾಗ ಮತ್ತೆ ಒತ್ತಿ, ನೌಕೆಯೇ ಭೂಮಿಗಿಳಿಯಿತು, ನಿನ್ನ ಚಹಾ ಒಲೆಯಿಂದಿಳಿಯಲಿಲ್ಲ ಎಂದು ಛೇಡಿಸಿದ್ದ. ಅರ್ಧ ಬಟ್ಟಲು ಕುಡಿದ. ಉಳಿದರ್ಧ ತಣ್ಣಗಾಯಿತು. ಅಂದಿನಿಂದ ಅವಳು ದಿನವೂ ಕೀಲಿ ಕೊಡುತ್ತಿದ್ದಳು; ಆ ಮುಳ್ಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

“ಎಷ್ಟು ಹೊತ್ತು ತೋರಿಸ್ತಿತ್ತು, ತಮ್ಮಾ?” ಎಂದು ಕೇಳಿದಳು. “ನಂಗೆ ಆ ಲೆಕ್ಕ ಓದೋಕೆ ಬರಲ್ಲ.”

ಸೆರಿಕ್‌ಬಾಯ್ ಗಡಿಯಾರವನ್ನು ಮೇಜಿನ ಮೇಲಿಟ್ಟ. “ನೋಡ್ಲಿಲ್ಲ, ಅಪಾ.”

ಓದಲು ಬಾರದಿದ್ದರೂ ಚಿತ್ರ ಅವಳ ಕಣ್ಣಲ್ಲಿತ್ತು. ದೊಡ್ಡ ಮುಳ್ಳು ಇಲ್ಲಿ, ನಿಮಿಷ ಎಣಿಸುವ ಮರಿ ಮುಳ್ಳು ಅಲ್ಲಿ ಎಂದು ಉಗುರಿನಿಂದ ತೋರಿಸಿದಳು. ಅಲ್ಲಿಗೇ ತಂದು ನಿಲ್ಲಿಸುತ್ತೇನೆಂದು ಅವನು ಓಡಿಸುವ ಗುಂಡಿ ಒತ್ತಿದ. ಮುಳ್ಳನ್ನು ಮುಂದಕ್ಕೆ ನೂಕುವ ದಾರಿಯಿಲ್ಲ, ಕಾಯಲೇಬೇಕು. ಅಂದಿನ ಚಹಾ ಹಿಡಿದಷ್ಟೇ ಹೊತ್ತು ಇಬ್ಬರೂ ಮುಳ್ಳಿನ ಮೇಲೆ ಕಣ್ಣಿಟ್ಟು ಕುಳಿತರು. ಪಕ್ಕದ ಮಾಂಸದಂಗಡಿಯವನು ಇಣುಕಿ ಏನೋ ಕೇಳಿ, ಮುಖಗಳನ್ನು ನೋಡಿ ಹಿಂದೆ ಸರಿದ. ಜಾಗ ಬಂದಾಗ ಸೆರಿಕ್‌ಬಾಯ್ ಒತ್ತಿದ. ಕೂದಲೆಳೆಯಷ್ಟೂ ತಪ್ಪಲಿಲ್ಲ.

ಅಪಾ ಬಾಗಿ ಬಹಳ ಹೊತ್ತು ನೋಡಿದಳು.

“ಜಾಗ ಅದೇ,” ಎಂದಳು. “ಬೆರಳು ನಿಂದು.”

ಬಯ್ಯಲಿಲ್ಲ. ಸೊನ್ನೆಗೆ ತರುವ ಗುಂಡಿ ಯಾವುದೆಂದು ಕೇಳಿ ತಿಳಿದು, ತಾನೇ ಒತ್ತಿದಳು. ಅವನು ಹೊಸ ಗಾಜು ಕೂರಿಸುವ ತನಕ ಬೀದಿಯ ಕಡೆ ಮುಖ ಮಾಡಿ ಕುಳಿತಿದ್ದು, ಗಡಿಯಾರವನ್ನು ಗಂಟು ಕಟ್ಟಿಕೊಂಡು ಹೊರಟುಹೋದಳು.